ಉಗ್ರಾಣ ತುಂಬಿದ್ದರೆ ಸಾಕೇ?

ಪ್ರಶ್ನೆ: ಕೃಷಿ ಮತ್ತು ಆಹಾರವನ್ನು ರಾಷ್ಟ್ರೀಯ ಭದ್ರತೆಯ ವಿಷಯವೆಂದು ಪರಿಗಣಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಉಗ್ರಾಣಗಳು ತುಂಬಿದ್ದು, ಕೊರತೆಯಾದಾಗ ಹೊರಗಿನಿಂದ ಕೊಳ್ಳುವಷ್ಟು ಹಣವೂ ಇರುವ ದೇಶಕ್ಕೆ ಯಾವ ಅಪಾಯವಿದೆ? ಸೈನ್ಯದ ಭಾಷೆಯನ್ನು ಹೊಲಕ್ಕೆ ತರುವುದು ಅತಿಯಾಗಲಿಲ್ಲವೇ?

ಉತ್ತರ: ತುಂಬಿದ ಉಗ್ರಾಣ ಹೋದ ಸುಗ್ಗಿಯ ಲೆಕ್ಕವನ್ನು ಹೇಳುತ್ತದೆಯೇ ಹೊರತು ಬರುವ ಸುಗ್ಗಿಯದನ್ನಲ್ಲ. ಇನ್ನು ಹಣದ ಮಾತು. 2022ರಲ್ಲಿ ಯುದ್ಧದಿಂದಾಗಿ ಉಕ್ರೇನಿನ ಕಪ್ಪು ಸಮುದ್ರದ ಬಂದರುಗಳಿಂದ ಧಾನ್ಯ ಹೊರಡುವುದು ನಿಂತಾಗ, ಹಲವು ದೇಶಗಳು ತಮ್ಮ ಜನರಿಗೆ ಮೊದಲು ಇರಲೆಂದು ರಫ್ತಿಗೆ ತಡೆ ಹಾಕಿದವು. ಮಾರುವವರೇ ಬಾಗಿಲು ಹಾಕಿಕೊಂಡ ಮೇಲೆ ಕೊಳ್ಳುವವರ ಹಣದಿಂದ ಆಗುವುದು ಅಷ್ಟಕ್ಕಷ್ಟೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಸದ್ದಿಲ್ಲದೆ ಬರುವ ಅಪಾಯ. ತುಕ್ಕು ರೋಗ ತಗುಲಿದ ಗೋಧಿಯ ಕಾಂಡವನ್ನು ಬೆರಳಿನಿಂದ ಸವರಿದರೆ ಇಟ್ಟಿಗೆ ಬಣ್ಣದ ಪುಡಿ ಅಂಟಿಕೊಳ್ಳುತ್ತದೆ. ಆ ಪುಡಿಯ ಒಂದೊಂದು ಕಣವೂ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಸಾಗಿ ಇನ್ನೊಂದು ಹೊಲದಲ್ಲಿ ರೋಗ ಹುಟ್ಟಿಸಬಲ್ಲ ಶಿಲೀಂಧ್ರದ ಬೀಜಕ. 1998ರಲ್ಲಿ ಉಗಾಂಡದಲ್ಲಿ ಪತ್ತೆಯಾದ ಇದರ ಹೊಸ ಬಗೆಯನ್ನು ತಡೆಯುವ ಶಕ್ತಿ, ಆಗ ಲೋಕದಲ್ಲಿ ಬೆಳೆಯುತ್ತಿದ್ದ ಬಹುಪಾಲು ಗೋಧಿ ತಳಿಗಳಿಗೆ ಇರಲಿಲ್ಲ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸೇನೆ ಇದೇ ಬೀಜಕಗಳನ್ನು ಅಸ್ತ್ರವಾಗಿ ಶೇಖರಿಸಿಟ್ಟಿತ್ತು ಎಂಬುದನ್ನು ನೆನೆದರೆ, ಹೊಲಕ್ಕೆ ಸೈನ್ಯದ ಭಾಷೆಯನ್ನು ಹೊಸದಾಗಿ ತರುತ್ತಿರುವವರು ನಾವಲ್ಲ ಎಂಬುದು ತಿಳಿಯುತ್ತದೆ.

ಒಂದೇ ತಳಿಯನ್ನು ನೆಚ್ಚಿಕೊಳ್ಳುವುದರಿಂದ ಈ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. 1970ರಲ್ಲಿ ಅಮೆರಿಕದ ಮುಸುಕಿನ ಜೋಳದ ಬಹುಭಾಗ ಒಂದೇ ವಂಶಗುಣವನ್ನು ಹೊತ್ತಿದ್ದುದರಿಂದ, ಎಲೆ ಅಂಗಮಾರಿ ರೋಗವೊಂದು ಒಂದೇ ವರ್ಷದಲ್ಲಿ ಬೆಳೆಯ ಸುಮಾರು ಶೇಕಡಾ 15ರಷ್ಟನ್ನು ನುಂಗಿಹಾಕಿತು. ಇಂಥ ಹೊತ್ತಿನಲ್ಲಿ ರೋಗ ತಡೆಯುವ ಗುಣಕ್ಕಾಗಿ ನಾವು ಹುಡುಕಿಕೊಂಡು ಹೋಗಬೇಕಾದದ್ದು ಹಳೆಯ ತಳಿಗಳನ್ನೂ ಕಾಡುತಳಿಗಳನ್ನೂ ಕಾಪಾಡಿರುವ ಬೀಜಸಂಗ್ರಹಗಳಿಗೆ.

ಆ ಸಂಗ್ರಹಗಳ ಬೆಲೆಯನ್ನು ಅರಿತವರು ಎಂಥವರೆಂಬುದಕ್ಕೆ ರಷ್ಯಾದ ಲೆನಿನ್‌ಗ್ರಾಡ್ ನಗರ ಸಾಕ್ಷಿ. 1941ರಿಂದ 1944ರವರೆಗೆ ಜರ್ಮನ್ ಸೇನೆಯ ಮುತ್ತಿಗೆಯಲ್ಲಿದ್ದ ಆ ನಗರದಲ್ಲಿ, ಸಸ್ಯವಿಜ್ಞಾನಿ ವಾವಿಲೋವ್ ಕಟ್ಟಿದ ಬೀಜಸಂಗ್ರಹವನ್ನು ಕಾಯುತ್ತಿದ್ದ ವಿಜ್ಞಾನಿಗಳಲ್ಲಿ ಹಲವರು, ಭತ್ತದ ಚೀಲಗಳು ಪಕ್ಕದಲ್ಲೇ ಇದ್ದರೂ ಅವನ್ನು ಮುಟ್ಟದೆ ಹಸಿವಿನಿಂದ ಪ್ರಾಣಬಿಟ್ಟರು. ಅದನ್ನು ಓದಿದಾಗಲೆಲ್ಲ ನನಗೆ ಮುಂದಿನ ಸಾಲಿಗೆ ಹೋಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ನಮ್ಮ ಕಾಲದಲ್ಲೇ, ಸಿರಿಯಾದ ಅಲೆಪ್ಪೊ ಬಳಿಯ ಬೀಜಕೇಂದ್ರವನ್ನು ಯುದ್ಧದಿಂದಾಗಿ ತೊರೆಯಬೇಕಾಗಿ ಬಂದಾಗ, ಮೊದಲೇ ನಾರ್ವೆಯ ಸ್ವಾಲ್ಬಾರ್ಡ್ ಭಂಡಾರದಲ್ಲಿ ಇಟ್ಟಿದ್ದ ಬೀಜಗಳನ್ನು 2015ರಲ್ಲಿ ಹಿಂದಕ್ಕೆ ತರಿಸಿ, ಲೆಬನಾನ್ ಮತ್ತು ಮೊರಾಕ್ಕೊಗಳಲ್ಲಿ ಬಿತ್ತಿ ಸಂಗ್ರಹವನ್ನು ಮತ್ತೆ ಬೆಳೆಸಲಾಯಿತು.

ನಿಮ್ಮ ಅಳುಕಿನಲ್ಲಿ ನ್ಯಾಯವಿದೆ. ಭದ್ರತೆಯ ಹೆಸರಿನಲ್ಲಿ ರೈತನ ಮೇಲೆ ಅಪ್ಪಣೆ ಹೊರಿಸುವುದನ್ನು ನಾನೂ ಒಪ್ಪುವುದಿಲ್ಲ. ಬೇಸಾಯದಿಂದ ಬದುಕು ಸಾಗದೆ ಅವನು ಹೊಲ ಬಿಟ್ಟು ಹೋದರೆ ಕಾಯುವುದಕ್ಕೆ ಉಳಿಯುವುದಾದರೂ ಏನು? ನಾನು ಕೇಳುವುದು ಇಷ್ಟೆ: ಗಡಿಯ ಕಾವಲಿಗೆ ಹಣ ಒದಗಿಸುವಾಗ ತೋರುವ ತುರ್ತನ್ನು ಬೀಜಸಂಗ್ರಹಕ್ಕೂ, ಸಸ್ಯರೋಗ ಪತ್ತೆಹಚ್ಚುವ ಪ್ರಯೋಗಾಲಯಕ್ಕೂ ತೋರಬೇಕು.

ಪ್ರಶ್ನೆ: ಇದರಲ್ಲಿ ಸಾಮಾನ್ಯ ನಾಗರಿಕರು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಇದೆ. ಪರದೇಶದಿಂದ ಮರಳುವಾಗ ಇಷ್ಟವಾದ ಗಿಡವನ್ನೋ ಬೀಜವನ್ನೋ ಹಣ್ಣನ್ನೋ ತಪಾಸಣೆಗೆ ತೋರಿಸದೆ ಪೆಟ್ಟಿಗೆಯಲ್ಲಿಟ್ಟು ತರಬೇಡಿ. ಹಣ್ಣಿನೊಳಗೆ ನೊಣ ಇಟ್ಟ ಮೊಟ್ಟೆ ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳುವುದಿಲ್ಲ.