ಸಿಕ್ಕ ದಿನವೂ ಸಿಟ್ಟು: ಬೊಂಬೆ ಸಂಗ್ರಹದ ಒಂದು ಪ್ರಕರಣ

ಸಂಗ್ರಹದ ಹುಚ್ಚು ಹಿಡಿದಿದೆ ಅಂತ ಮನೆಯವರು ಕರೆತರುವ ಗಂಡಸರು ಈಚೆಗೆ ಆಪ್ತಸಮಾಲೋಚನೆಗೆ ನನ್ನ ಬಳಿ ಬರುವುದು ಜಾಸ್ತಿಯಾಗಿದೆ. ಒಬ್ಬರಿಗೆ ಹಾಟ್ ವೀಲ್ಸ್ ಕಾರು, ಇನ್ನೊಬ್ಬರಿಗೆ ಶೂ, ಮತ್ತೊಬ್ಬರಿಗೆ ಜಪಾನಿನಿಂದ ತರಿಸುವ ಆ್ಯಕ್ಷನ್ ಫಿಗರ್, ಅಂದರೆ ಕೈಕಾಲು ಮಡಚುವ ಬೊಂಬೆ. ವಸ್ತು ಬೇರೆ ಬೇರೆ, ಕಥೆ ಮಾತ್ರ ಒಂದೇ. ಕಂಪನಿ ಕಡಿಮೆ ಸಂಖ್ಯೆಯಲ್ಲಿ ಬಿಡುತ್ತದೆ, ನಿಮಿಷಗಳಲ್ಲಿ ಖಾಲಿಯಾಗುತ್ತದೆ, ಸಿಗದವನು ರಾತ್ರಿ ನಿದ್ದೆಗೆಟ್ಟು ಮನೆಯವರ ಮೇಲೆ ರೇಗುತ್ತಾನೆ. ಆಮೇಲೆ ಮನೆಯವರು ನನಗೆ ಫೋನ್ ಮಾಡಿ ಕೇಳುವುದೂ ಒಂದೇ ಮಾತು: "ಈ ಚಟ ಬಿಡಿಸಿ."

ನಾನು ಬಿಡಿಸುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ ಮೇಲೇ ಹಾಕುತ್ತಿದ್ದೇನೆ.

ಪ್ರಸನ್ನ ಹಾಸನದ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಅಮೆರಿಕದಲ್ಲಿ ಕೆಲಸ. ಹೆಂಡತಿ ವೀಣಾ, ಶಾಲೆಗೆ ಹೋಗುವ ಒಬ್ಬ ಮಗ. ಕನ್ನಡದಲ್ಲೇ ಮಾತಾಡಬೇಕು ಅಂತ ವೀಣಾ ಹುಡುಕಿಕೊಂಡು ಬಂದರು. ಅವರಿಗೆ ಸಂಜೆ, ನನಗೆ ಬೆಳಗ್ಗೆ, ವಿಡಿಯೋದಲ್ಲಿ ಮಾತು.

ಪ್ರಸನ್ನ ಚಿಕ್ಕವರಿದ್ದಾಗ ಅವರ ಬಳಿ ಜಿ.ಐ. ಜೋ ಅನ್ನುವ ಸೈನಿಕ ಬೊಂಬೆಗಳಿದ್ದವು. ಆ ಕಾಲದಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಎಂಆರ್‌ಎಫ್‌ನವರು 1987ರಲ್ಲಿ ಶುರು ಮಾಡಿದ ಫನ್‌ಸ್ಕೂಲ್ ಕಂಪನಿ ಅಮೆರಿಕದ ಆಟಿಕೆ ಕಂಪನಿ ಹಾಸ್ಬ್ರೋದಿಂದ ಪರವಾನಗಿ ಪಡೆದು ಅವನ್ನು ಇಲ್ಲೇ ಮಾಡುತ್ತಿತ್ತು. ಅಂಗೈಯಷ್ಟು ಎತ್ತರ. ಸೊಂಟದೊಳಗೆ ಒಂದು ರಬ್ಬರ್ ರಿಂಗ್. ಅದು ಹಳತಾಗಿ ತುಂಡಾದರೆ ಬೊಂಬೆ ಎರಡು ಭಾಗ. 2020ರಲ್ಲಿ ಹಾಸ್ಬ್ರೋ ಅದೇ ಪಾತ್ರಗಳನ್ನು ಆರು ಇಂಚಿನಲ್ಲಿ, ಕ್ಲಾಸಿಫೈಡ್ ಅನ್ನುವ ಹೊಸ ಸರಣಿಯಾಗಿ ತಂದಿತು. ಕೋವಿಡ್‌ನಲ್ಲಿ ಮನೆಯಲ್ಲೇ ಕೂತಿದ್ದ ಪ್ರಸನ್ನ ಒಂದು ಕೊಂಡರು. ಆಮೇಲೆ ಇನ್ನೊಂದು. ಇಲ್ಲಿಯವರೆಗೆ ಏನೂ ತೊಂದರೆ ಇರಲಿಲ್ಲ.

ಆ ವರ್ಷವೇ ಕೋಬ್ರಾ ಐಲ್ಯಾಂಡ್ ಹೆಸರಿನ ಕೆಲವು ಫಿಗರ್‌ಗಳು ಒಂದೇ ಒಂದು ಅಂಗಡಿ ಸರಣಿಗೆ ಅಂತ ಬಂದವು. ಬೇರೆಲ್ಲೂ ಇಲ್ಲ. ಅದರಲ್ಲಿ ಕೋಬ್ರಾ ಅನ್ನುವ ಶತ್ರು ಪಡೆಯ ಒಬ್ಬ ಸೈನಿಕ ಇದ್ದ. ಸೈನಿಕ ಅಂದರೆ ಯಾರೂ ಒಂದಕ್ಕೆ ನಿಲ್ಲಿಸುವುದಿಲ್ಲ, ಸಾಲಾಗಿ ನಿಲ್ಲಿಸಲು ಐದಾರು ಬೇಕು. ಹಾಗಾಗಿ ಇದ್ದ ಸ್ವಲ್ಪವೂ ಬೇಗ ಹೋಯಿತು. ಉಳಿದದ್ದನ್ನು ಬಾಟ್ (ತಾನೇ ಕ್ಷಣದಲ್ಲಿ ಆರ್ಡರ್ ಹಾಕುವ ಸಾಫ್ಟ್‌ವೇರ್) ಇಟ್ಟುಕೊಂಡವರು, ಬ್ಲ್ಯಾಕ್‌ನಲ್ಲಿ ಮಾರುವವರು ಬಾಚಿಕೊಂಡರು. ಅಮೆರಿಕದಲ್ಲಿ ಸಂಗ್ರಹಕಾರರು ದೊಡ್ಡ ಗಲಾಟೆಯನ್ನೇ ಮಾಡಿದರು. ಪ್ರಸನ್ನ ಕೂಡ ಆ ಗುಂಪಿನಲ್ಲಿ ಒಬ್ಬರು. ಅಲ್ಲಿಂದ ಮುಂದೆ ಪ್ರತಿ ಬಿಡುಗಡೆಯೂ ಅವರಿಗೆ ಒಂದು ಕಾಳಗವೇ ಆಯಿತು.

ಅವರು ಹೇಳಿದ ಕಷ್ಟಗಳನ್ನು ಕೇಳಿ ಯಾರಿಗಾದರೂ ನಗು ಬರಬಹುದು. ನನಗೆ ಬರಲಿಲ್ಲ. ಕಾರ್ಟ್‌ನಲ್ಲಿ ಸಾಮಾನು ಇರುತ್ತದೆ, ದುಡ್ಡು ಕಟ್ಟಲು ಹೋದರೆ ಮಾಯ. ಆರ್ಡರ್ ಆಯಿತು ಅಂತ ಮೇಲ್ ಬರುತ್ತದೆ, ವಾರದ ಮೇಲೆ ಕ್ಯಾನ್ಸಲ್ ಆಯಿತು ಅಂತ ಇನ್ನೊಂದು ಮೇಲ್. ಹತ್ತಿರದ ಅಂಗಡಿಯಲ್ಲಿ ನಾಲ್ಕು ಇದೆ ಅಂತ ಆ್ಯಪ್ ತೋರಿಸುತ್ತದೆ, ಆಫೀಸಿಗೆ ಮುಂಚೆ ಕಾರು ಹತ್ತಿ ಹೋದರೆ ಬೊಂಬೆ ತೂಗುಹಾಕುವ ಕೊಕ್ಕೆ ಖಾಲಿ. ಕೇಳಿದರೆ ಹುಡುಗ "ಸಿಸ್ಟಮ್‌ನಲ್ಲಿದೆ, ಒಳಗಿಲ್ಲ" ಅನ್ನುತ್ತಾನೆ. ಒಮ್ಮೆಯಂತೂ ಡಬ್ಬಿ ಸಿಕ್ಕಿತು, ಮನೆಗೆ ತಂದು ನೋಡಿದರೆ ಒಳಗೆ ಬೇರೆ ಯಾವುದೋ ಹಳೇ ಬೊಂಬೆ. ಯಾರೋ ಹೊಸದನ್ನು ತೆಗೆದುಕೊಂಡು, ಹಳೆಯದನ್ನು ತುಂಬಿ, ವಾಪಸ್ ಕೊಟ್ಟು ದುಡ್ಡು ಪಡೆದಿದ್ದರು. ಇಷ್ಟೆಲ್ಲ ಆದ ಮೇಲೆ ಮನುಷ್ಯನಿಗೆ ಸಿಟ್ಟು ಬರುವುದು ಸಹಜ ಅಲ್ವಾ? ಅದನ್ನು "ಬೊಂಬೆಗೋಸ್ಕರ ಇಷ್ಟೊಂದಾ" ಅಂತ ಕೇಳಿದರೆ ಅವನು ಮುಂದೆ ಹೇಳುವುದನ್ನೇ ಬಿಡುತ್ತಾನೆ.

ಮನೆಯಲ್ಲಿ ಆದದ್ದೂ ಅದೇ. ಊರಿಂದ ಹೋಗಿದ್ದ ಮಾವನವರು "ನಿನ್ನ ಮಗನಿಗೆ ಬುದ್ಧಿ ಬಂದಿದೆ, ನಿನಗೆ ಯಾವಾಗ" ಅಂದಿದ್ದರು. ಅಂದಿನಿಂದ ಡಬ್ಬಿಗಳು ಆಫೀಸಿನ ವಿಳಾಸಕ್ಕೆ ಬರತೊಡಗಿದವು. ಅವಮಾನ ಮಾಡಿದರೆ ಕೊಳ್ಳುವುದು ನಿಲ್ಲುವುದಿಲ್ಲ, ಗುಟ್ಟಾಗುತ್ತದೆ. ಗುಟ್ಟಾದ ಮೇಲೆ ಲೆಕ್ಕ ಇಡುವವರೂ ಇರುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ಕೂರುತ್ತೇನೆ.

ಎರಡು ಸೆಷನ್ ಪ್ರಸನ್ನ ಒಬ್ಬರೇ ಮಾತಾಡಿದರು. ಮೂರನೆಯದಕ್ಕೆ ವೀಣಾ ಅವರನ್ನೂ ಕೂರಿಸಿದೆ. ಬಹಳ ಹೊತ್ತು ಅವರು ಏನೂ ಹೇಳಲಿಲ್ಲ. ಗಂಡ ಬಾಟ್‌ಗಳ ಬಗ್ಗೆ, ಅಂಗಡಿಯವರ ಬಗ್ಗೆ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡು, ಆಮೇಲೆ ನನ್ನ ಕಡೆ ನೋಡಿ ಹೇಳಿದರು:

"ಸಿಗದೇ ಇದ್ದಾಗ ಸಿಟ್ಟು ಬಂದ್ರೆ ನಂಗೆ ಅರ್ಥ ಆಗುತ್ತೆ ಮೇಡಂ. ಸಿಕ್ಕಿದ ದಿನಾನೂ ಇವ್ನು ಹಾಗೇ ಇರ್ತಾನೆ. ಹೋದ ತಿಂಗಳು ಒಂದು ಬಂತು. ಬಾಗಿಲ ಪಕ್ಕ ಇಟ್ಟು ಹೋದ. ವಾರ ಆದ್ರೂ ಅಲ್ಲೇ ಇತ್ತು. ನಾನೇ ಎತ್ತಿ ಕಪಾಟಿಗೆ ಹಾಕ್ದೆ."

ಪ್ರಸನ್ನ "ಕೆಲಸ ಜಾಸ್ತಿ ಇತ್ತು" ಅಂದರು. ನಾನು ಬಿಡಲಿಲ್ಲ. ಅದು ಯಾವುದು, ಎಷ್ಟು ಕೊಟ್ಟಿರಿ ಅಂತ ಕೇಳಿದೆ. ಹೆಂಡತಿಯ ಮುಂದೆ ಬೆಲೆ ಕೇಳಿದ್ದು ಬೇಕಂತಲೇ. ಸ್ವಲ್ಪ ತಡೆದು ಹೇಳಿದರು: ಇಪ್ಪತ್ತು ಡಾಲರ್‌ನದು, ಬ್ಲ್ಯಾಕ್‌ನಲ್ಲಿ ಅರವತ್ತೈದು ಕೊಟ್ಟೆ. ವೀಣಾ ದುಡ್ಡಿನ ಮಾತೇ ಎತ್ತಲಿಲ್ಲ. ಅದಕ್ಕೆ ಅವರನ್ನು ಎಷ್ಟು ಮೆಚ್ಚಿದರೂ ಕಡಿಮೆ.

"ಅದನ್ನ ನೋಡಿದಾಗ ಏನು ಅನ್ಸುತ್ತೆ?" ಅಂತ ಕೇಳಿದೆ.

"ಮಾರಿದವನೇ ಕಾಣ್ತಾನೆ ಮೇಡಂ. ಡಬ್ಬಿ ಮೇಲೆ ಡಬ್ಬಿ ಪೇರಿಸಿ ಫೋಟೋ ಹಾಕಿದ್ದ. ಅವತ್ತು ಬೆಳಗ್ಗೆ ನಾನು ಹೋದಾಗ ಅಂಗಡೀಲಿ ಒಂದೂ ಇರ್ಲಿಲ್ಲ. ಈಗ ನನ್ನ ದುಡ್ಡಲ್ಲೇ ಅವ್ನು ಇನ್ನಷ್ಟು ತಗೋತಾನೆ. ಆ ಡಬ್ಬಿ ಬಿಚ್ಚೋಕೆ ಮನಸ್ಸಾಗಲ್ಲ."

"ಮತ್ತೆ ಯಾಕೆ ತಗೊಂಡ್ರಿ?"

"ತಗೊಳ್ಳದೇ ಇದ್ರೆ ಅವ್ನು ಗೆದ್ದ ಹಾಗಲ್ವಾ?"

ಅಷ್ಟು ಹೇಳಿ ಅವರೇ ಸುಮ್ಮನಾದರು. ಕೊಂಡರೂ ಅವನೇ ಗೆದ್ದ, ಕೊಳ್ಳದಿದ್ದರೂ ಅವನೇ ಗೆದ್ದ. ಇದು ಅವರ ಬಾಯಿಂದಲೇ ಬಂದದ್ದು ಒಳ್ಳೆಯದಾಯಿತು. ನಾನು ಹೇಳಿದ್ದರೆ ವಾದ ಮಾಡುತ್ತಿದ್ದರು.

ಆಮೇಲೆ, ನಿಮಗೆ ಇಷ್ಟವಾದ ಒಂದನ್ನು ತಂದು ತೋರಿಸಿ ಅಂದೆ. ಎದ್ದು ಹೋಗಿ ತಂದದ್ದು ಸ್ನೇಕ್ ಐಸ್ ಅನ್ನುವ ಜಿ.ಐ. ಜೋ ಪಾತ್ರ. ಕಪ್ಪು ಉಡುಪು, ಮುಖ ಕಾಣದ ಮುಸುಕು. ಅಪರೂಪದ್ದೇನಲ್ಲ, ಮಗನ ಜೊತೆ ದಿನಸಿಗೆ ಹೋದಾಗ ಮಾಮೂಲಿ ಬೆಲೆಗೆ ಕೊಂಡದ್ದು. ಮೊಣಕೈ ಎಷ್ಟು ಮಡಚುತ್ತದೆ, ಕತ್ತಿ ಬೆನ್ನಿನ ಚೀಲದಲ್ಲಿ ಹೇಗೆ ಕೂರುತ್ತದೆ, ಹಳೇ ಫನ್‌ಸ್ಕೂಲ್ ಬೊಂಬೆಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕ್ಯಾಮೆರಾ ಹತ್ತಿರ ಹಿಡಿದು ತೋರಿಸುತ್ತಲೇ ಹೋದರು. ಆವರೆಗೆ ಅವರ ದನಿಯಲ್ಲಿ ಅಷ್ಟು ಉತ್ಸಾಹ ನಾನು ಕೇಳಿರಲಿಲ್ಲ. ವೀಣಾ ಪಕ್ಕದಿಂದ "ಇವ್ನು ಒಳ್ಳೇವ್ನಾ ಕೆಟ್ಟೋನಾ?" ಅಂತ ಕೇಳಿದರು. ಇಷ್ಟು ವರ್ಷಗಳಲ್ಲಿ ಆ ಬೊಂಬೆಗಳ ಬಗ್ಗೆ ಅವರು ಬೆಲೆ ಬಿಟ್ಟು ಬೇರೇನಾದರೂ ಕೇಳಿದ್ದು ಅದೇ ಮೊದಲಂತೆ.

ನನ್ನ ಸಲಹೆ ಆ ದಿನದಿಂದ ಹುಟ್ಟಿದ್ದು. ಮೊದಲನೆಯದು, ಮುಖ್ಯವಾದದ್ದು: ಬ್ಲ್ಯಾಕ್‌ನಲ್ಲಿ ಯಾವತ್ತೂ ಕೊಳ್ಳಬೇಡಿ. ನಲವತ್ತೈದು ಡಾಲರ್ ಉಳಿಯುತ್ತದೆ ಅಂತಲ್ಲ. ಆ ಬೊಂಬೆಯ ಜೊತೆಗೆ ಸಿಟ್ಟೂ ಮನೆಗೆ ಬರುತ್ತದೆ, ಬಂದು ಕಪಾಟಿನಲ್ಲಿ ಕೂರುತ್ತದೆ, ಪ್ರತಿ ಸಲ ನೋಡಿದಾಗ ಮತ್ತೆ ಏಳುತ್ತದೆ. ಇಷ್ಟಪಡಲಾಗದ್ದನ್ನು ಸಂಗ್ರಹಿಸಿ ಏನು ಮಾಡುವುದು?

ಎರಡನೆಯದಾಗಿ, ಬೊಂಬೆ ಬಂತು ಅಂತ ಫೋನಿಗೆ ಬರುವ ಅಲರ್ಟ್‌ಗಳನ್ನೆಲ್ಲ ತೆಗೆಸಿದೆ. ಪ್ರಸನ್ನ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಅವರಿಗೆ ಎರಡು ವಿಷಯ ಹೇಳಿದೆ. ಒಂದು, ಫಲ ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದಿದ್ದಾಗಲೇ ಪ್ರಾಣಿ ಬಿಡದೆ ಗುಂಡಿ ಒತ್ತುತ್ತಿರುತ್ತದೆ ಅಂತ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳ, ಇಲಿಗಳಲ್ಲಿ ತೋರಿಸಿದ್ದು. ಇನ್ನೊಂದು, 1975ರ ಒಂದು ಅಮೆರಿಕನ್ ಪ್ರಯೋಗ. ಒಂದೇ ಬಿಸ್ಕತ್ತನ್ನು ಕೆಲವರಿಗೆ ಹತ್ತು ಇರುವ ಡಬ್ಬದಿಂದ ಕೊಟ್ಟರು, ಕೆಲವರಿಗೆ ಎರಡೇ ಇರುವ ಡಬ್ಬದಿಂದ. ಎರಡೇ ಇದ್ದದ್ದು ಜಾಸ್ತಿ ಬೇಕು ಅನಿಸಿತು. ತುಂಬಿದ್ದ ಡಬ್ಬ ಕಣ್ಣೆದುರೇ ಕಡಿಮೆಯಾದಾಗ ಇನ್ನೂ ಜಾಸ್ತಿ ಬೇಕು ಅನಿಸಿತು. "ಇನ್ನು ಮೂರೇ ಉಳಿದಿವೆ" ಅಂತ ಫೋನ್ ಮಿನುಗಿದಾಗ ನಿಮಗೆ ಆಗುವುದೂ ಇದೇ, ಇದರಲ್ಲಿ ನಿಮ್ಮ ದೌರ್ಬಲ್ಯ ಏನಿಲ್ಲ ಅಂದೆ. ಆ ಸಂಜೆಯೇ ತೆಗೆದರು.

ಮೂರನೆಯದು, ಕಾದರೆ ಸಿಗುವ ದಾರಿಗಳು. ಮುಂಗಡ ಬುಕಿಂಗ್ ಇದೆ. ಹಾಸ್ಬ್ರೋದವರದೇ ಹ್ಯಾಸ್‌ಲ್ಯಾಬ್ ಇದೆ. ಅಲ್ಲಿ ಸಾಕಷ್ಟು ಜನ ಮೊದಲೇ ದುಡ್ಡು ಕಟ್ಟಿದರೆ ಮಾತ್ರ ತಯಾರಿಸುತ್ತಾರೆ, ಅವಧಿಯೊಳಗೆ ಕಟ್ಟಿದವರಿಗೆಲ್ಲ ಕಳಿಸುತ್ತಾರೆ. 2021ರಲ್ಲಿ ಸ್ಕೈಸ್ಟ್ರೈಕರ್ ವಿಮಾನಕ್ಕೆ 10,000 ಜನ ಬೇಕಿತ್ತು, ಅದಕ್ಕಿಂತ ಜಾಸ್ತಿ ಬಂದರು. ಬಾಟ್‌ಗೆ ಅಲ್ಲಿ ಕೆಲಸ ಇಲ್ಲ. ಇನ್ನು ಆ ಕೋಬ್ರಾ ಸೈನಿಕ? ಅವನಂಥದ್ದೇ ಇನ್ನೊಬ್ಬ ಆಮೇಲೆ ಎಲ್ಲ ಅಂಗಡಿಗೂ ಬಂದ. ಈ ವಿಷಯಗಳನ್ನೆಲ್ಲ ನನಗೆ ಹೇಳಿಕೊಟ್ಟದ್ದು ಪ್ರಸನ್ನ ಅವರೇ. ಗೊತ್ತಿದ್ದೂ ಓಡುತ್ತಿದ್ದರು.

ಹಣದ ವಿಷಯಕ್ಕೆ ತಿಂಗಳಿಗೊಂದು ಮೊತ್ತ ಇಬ್ಬರೂ ಕೂತು ಗೊತ್ತು ಮಾಡಿಕೊಂಡರು. ಅದರೊಳಗೆ ಏನು ಕೊಂಡರೂ ವೀಣಾ ಕೇಳುವಂತಿಲ್ಲ. ಅದಕ್ಕೆ ಬದಲಾಗಿ ಡಬ್ಬಿಗಳೆಲ್ಲ ಮನೆ ವಿಳಾಸಕ್ಕೇ ಬರಬೇಕು.

ಈ ಪ್ರಕರಣ ಚರ್ಚೆಗೆ ಬಂದಾಗ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಕೇಳಿದರು: ಹೀಗೆ ಮಾಡಿ ಚಟಕ್ಕೆ ನೀವೇ ನೀರೆರೆದಂತಾಗಲಿಲ್ಲವೇ? ಇಲ್ಲ. ವಸ್ತು ಕೂಡಿಟ್ಟುಕೊಳ್ಳುವ ಕಾಯಿಲೆ ಅಂತ ಒಂದಿದೆ ನಿಜ, 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಬೇರೆಯೇ ಕಾಯಿಲೆಯಾಗಿ ಇದೆ. ಅಲ್ಲಿ ಮನುಷ್ಯ ಯಾವುದನ್ನೂ ಬಿಟ್ಟುಕೊಡಲಾರ, ಮನೆಯಲ್ಲಿ ಓಡಾಡಲು ಜಾಗವಿರುವುದಿಲ್ಲ. ಪ್ರಸನ್ನ ಅವರದು ಒಂದು ಕೋಣೆಯ ಎರಡು ಕಪಾಟು, ಧೂಳು ಒರೆಸಿಟ್ಟದ್ದು. ಹಾಸನದಲ್ಲಿ ಅವರ ತಾಯಿ ಪ್ರತಿ ದಸರಾಗೆ ಪಟ್ಟದ ಬೊಂಬೆ ಕೂರಿಸುತ್ತಾರೆ, ವರ್ಷಕ್ಕೊಂದು ಹೊಸದು ಸೇರಿಸುತ್ತಾರೆ, ಊರವರೆಲ್ಲ ಬಂದು ನೋಡಿ ಬೊಂಬೆ ಬಾಗಿನ ಪಡೆದು ಹೋಗುತ್ತಾರೆ. ಅವರಿಗೆ ಯಾರೂ "ಬುದ್ಧಿ ಯಾವಾಗ" ಅಂತ ಕೇಳಿಲ್ಲ. ಮಗನನ್ನು ಮಾತ್ರ ಯಾಕೆ ಕೇಳಬೇಕು?

ಇನ್ನೊಂದು ಮಾತನ್ನೂ ಹೇಳಬೇಕು. ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು. ಅಮೆರಿಕದಲ್ಲಿ ಬಾಟ್‌ಗಳ ಹಾವಳಿ ತಡೆಯುವ 2016ರ ಬಾಟ್ಸ್ ಕಾಯ್ದೆ ಕಾರ್ಯಕ್ರಮದ ಟಿಕೆಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಬೊಂಬೆಗಳಂಥ ಸಾಮಾನಿಗೂ ಅದನ್ನು ತರಬೇಕೆಂದು 2018ರಿಂದ ಮಸೂದೆ ಮಂಡಿಸಿದರೂ ಅದು ಕಾಯ್ದೆಯಾಗಲಿಲ್ಲ. ಸಿಟ್ಟು ಇದ್ದರೆ ಅಲ್ಲಿಗೆ ಬರೆಯಿರಿ, ಹೆಂಡತಿ ಮೇಲೆ ಬೇಡ ಅಂದೆ. ಒಂದು ಸಂಜೆ ಕೂತು ಅಲ್ಲಿನ ಜನಪ್ರತಿನಿಧಿಗೆ ಪತ್ರ ಬರೆದರು.

ಬೆಂಗಳೂರಿನವರ ತೊಂದರೆ ಸ್ವಲ್ಪ ಬೇರೆ. ಆಟಿಕೆ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಇಲ್ಲಿನ ಸಂಗ್ರಹಕಾರರಿಗೆ ಕಸ್ಟಮ್ಸ್‌ನಲ್ಲಿ ಪಾರ್ಸೆಲ್ ನಿಂತಾಗ ಆಗುವ ಸಂಕಟ ನಾನು ಬಹಳ ಸಲ ಕೇಳಿದ್ದೇನೆ. ಅವರಿಗೂ ನನ್ನ ಮೊದಲ ಪ್ರಶ್ನೆ ಇದೇ: ಸಿಕ್ಕ ಮೇಲೆ ಡಬ್ಬಿ ಬಿಚ್ಚಿದಿರಾ? ಮಾರುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೇ ಕೊಂಡಿದ್ದೂ ಬಿಚ್ಚಲು ಮನಸ್ಸಾಗುತ್ತಿಲ್ಲ ಅಂದರೆ ಮಾತಾಡುವುದಿದೆ. ಸಾಲ ಮಾಡಿ ಕೊಳ್ಳುತ್ತಿದ್ದರೆ, ನಿದ್ದೆ ಕೆಟ್ಟು ಕೆಲಸ ತಪ್ಪುತ್ತಿದ್ದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಫೋನಿನ ಬೆನ್ನು ಹತ್ತುವುದೇ ಜಾಸ್ತಿಯಾಗಿದ್ದರೆ ನಿಮ್ಹಾನ್ಸ್‌ನಲ್ಲಿ ಅದಕ್ಕೇ ಶಟ್ ಕ್ಲಿನಿಕ್ ಇದೆ.

ಆ ಅರವತ್ತೈದು ಡಾಲರ್‌ನ ಡಬ್ಬಿಯನ್ನು ಪ್ರಸನ್ನ ಕೊನೆಗೂ ಬಿಚ್ಚಲಿಲ್ಲ. ತಮ್ಮ ಹಾಗೇ ತಪ್ಪಿಸಿಕೊಂಡಿದ್ದ ಒಬ್ಬರಿಗೆ ಇಪ್ಪತ್ತಕ್ಕೇ ಕೊಟ್ಟರು. ನಷ್ಟ ಅಲ್ವಾ ಅಂತ ವೀಣಾ ನನ್ನನ್ನೇ ಕೇಳಿದರು, ಅಷ್ಟು ನಷ್ಟ ಪರವಾಗಿಲ್ಲ ಅಂದೆ. ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಮುಂದಿನ ಸೆಷನ್‌ನಲ್ಲಿ ಬೊಂಬೆ ವಿಷಯ ಬೇಡ, ಮಗನ ಓದಿನ ಬಗ್ಗೆ ಮಾತಾಡೋಣ ಅಂತ ಇಬ್ಬರೂ ಹೇಳಿದ್ದಾರೆ.