ಯುದ್ಧಕೈದಿ ವಿಚಾರಣೆಯಲ್ಲಿ ಏನೇನು ಹೇಳಲೇಬೇಕು? ಮನೆಗೆ ಸುದ್ದಿ ತಲುಪುವುದು ಹೇಗೆ?

ನಾಲ್ಕೇ ವಿಷಯ: ಹೆಸರು, ಹುದ್ದೆ, ಹುಟ್ಟಿದ ದಿನಾಂಕ, ಸೇನಾ ಸಂಖ್ಯೆ. 1949ರ ಮೂರನೇ ಜಿನೀವಾ ಒಪ್ಪಂದದ 17ನೇ ವಿಧಿ ಹೇಳುವುದು ಇಷ್ಟೇ. ಬೇರೆ ಪ್ರಶ್ನೆ ಕೇಳಬಾರದು ಅಂತೇನಿಲ್ಲ. ಆದರೆ ಉತ್ತರ ಕೊಡದವನನ್ನು ಹೊಡೆಯುವುದಿರಲಿ, ಬೆದರಿಸುವುದಕ್ಕೂ ಬೈಯುವುದಕ್ಕೂ ಅವಕಾಶವಿಲ್ಲ.

ಶಿಬಿರ ತಲುಪಿದ ಒಂದು ವಾರದೊಳಗೆ ಕೈದಿಗೆ ಒಂದು ಕಾರ್ಡ್ ಬರೆಯಲು ಬಿಡಬೇಕು (70ನೇ ವಿಧಿ). ಅಂಗೈಗಿಂತ ತುಸು ದೊಡ್ಡದು. ತಂದೆಯ ಹೆಸರು, ಮನೆಯವರ ವಿಳಾಸ, ಸೆರೆಸಿಕ್ಕ ದಿನ ತುಂಬಿ, 'ಆರೋಗ್ಯವಾಗಿದ್ದೇನೆ', 'ಸ್ವಲ್ಪ ಗಾಯವಾಗಿದೆ', 'ತೀವ್ರ ಗಾಯವಾಗಿದೆ' ಇಂಥವುಗಳಲ್ಲಿ ಬೇಡದ್ದನ್ನು ಹೊಡೆದುಹಾಕಿದರೆ ಆಯಿತು. ಒಂದು ಪ್ರತಿ ಮನೆಗೆ, ಇನ್ನೊಂದು ಯುದ್ಧಕೈದಿಗಳ ಕೇಂದ್ರ ಮಾಹಿತಿ ಸಂಸ್ಥೆಗೆ. ನನ್ನ ದೃಷ್ಟಿಯಲ್ಲಿ ಇಡೀ ಒಪ್ಪಂದದಲ್ಲಿ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಹೆಸರು ದಾಖಲಾದ ಮನುಷ್ಯನನ್ನು ಸದ್ದಿಲ್ಲದೆ ಕಾಣೆ ಮಾಡುವುದು ಕಷ್ಟ. ಆಮೇಲೆ ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡ್ ಬರೆಯಬಹುದು. ರೆಡ್ ಕ್ರಾಸ್ ಪ್ರತಿನಿಧಿಗಳು ಕಾವಲುಗಾರರಿಲ್ಲದೆ ಅವನೊಡನೆ ಮಾತಾಡಬಹುದು.

ಹೆಚ್ಚಾಗಿ ತಪ್ಪುವುದು 13ನೇ ವಿಧಿಯಲ್ಲಿ. ಕೈದಿಯನ್ನು ಜನರ ಕುತೂಹಲದಿಂದ ಕಾಪಾಡಬೇಕು ಎನ್ನುತ್ತದೆ ಅದು. ರಕ್ತ ಸುರಿಯುವ ಮುಖದ ವಿಡಿಯೊ ಹರಿಬಿಡುವುದು ನೇರ ಉಲ್ಲಂಘನೆ. ದಯವಿಟ್ಟು ನಾವೂ ಅಂಥದ್ದನ್ನು ಹಂಚಬಾರದು.

ಹೋರಾಟ ನಿಂತ ಮೇಲೆ ತಡಮಾಡದೆ ಬಿಡಬೇಕು (118). ಇದೂ ರಾಜಕೀಯಕ್ಕೆ ಸಿಕ್ಕಿಕೊಳ್ಳುತ್ತದೆ: 1971ರ ಡಿಸೆಂಬರ್‌ನಲ್ಲಿ ಭಾರತದ ವಶಕ್ಕೆ ಬಂದ ಸುಮಾರು 93,000 ಪಾಕಿಸ್ತಾನಿಯರ ವಾಪಸಾತಿ ಮುಗಿದದ್ದು 1974ರ ಏಪ್ರಿಲ್‌ನಲ್ಲಿ.