ಲೋಡ್ 14, ಸಿಪಿಯು ಖಾಲಿ: ದೊಡ್ಡ ಸರ್ವರ್ ಬೇಕಾ?

ಸರ್ವರ್ ನಿಧಾನವಾಗಿದೆ, ಇನ್ನೂ ದೊಡ್ಡದು ಬೇಕಾ ಅಂತ ಕೇಳಿದ್ದೀರಿ. ನಾಲ್ಕು ಕೋರ್‌ನ (ಸಿಪಿಯು ಒಳಗಿನ ಕೆಲಸದ ಘಟಕ) ಲಿನಕ್ಸ್ ಸರ್ವರ್‌ನಲ್ಲಿ ಸಿಪಿಯು ಬಳಕೆ 20% ಮಾತ್ರ ಇದ್ದು ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಪ್ರೊಸೆಸ್‌ಗಳ ಸರಾಸರಿ ಸಂಖ್ಯೆ) 14 ಅಂದರೆ, ಬಹುತೇಕ ಡಿಸ್ಕ್‌ದೇ ತೊಂದರೆ. ಡಿಸ್ಕ್‌ಗಾಗಿ ಕಾದು ಕೂತ ಪ್ರೊಸೆಸ್‌ಗಳನ್ನೂ (ಓಡುವ ಪ್ರೋಗ್ರಾಂಗಳು) ಲಿನಕ್ಸ್ ಲೋಡ್ ಲೆಕ್ಕಕ್ಕೆ ಸೇರಿಸುತ್ತದೆ. ಈಗಲೇ ಕೋರ್ ಜಾಸ್ತಿ ಮಾಡಬೇಡಿ, ಸುಮ್ನೆ ದುಡ್ಡು ದಂಡ.

ಸರ್ವರ್ ನಿಧಾನವಾದಾಗ 'ವಿಎಂಸ್ಟ್ಯಾಟ್ 1' (vmstat 1, ಸರ್ವರ್ ಸ್ಥಿತಿಯನ್ನು ಸೆಕೆಂಡಿಗೊಮ್ಮೆ ತೋರಿಸುವ ಕಮಾಂಡ್) ಓಡಿಸಿ. 'ಬಿ' (b, ಕಾದು ಕೂತ ಪ್ರೊಸೆಸ್‌ಗಳು), 'ಡಬ್ಲ್ಯುಎ' (wa, ಡಿಸ್ಕ್‌ಗಾಗಿ ಕಾಯುವ ಸಮಯ) ಕಾಲಂ ಏರಿದ್ದರೆ ಅನುಮಾನ ನಿಜ. ಜೊತೆಗೆ 'ಎಸ್ಐ', 'ಎಸ್ಒ' (si, so, ಮೆಮೊರಿ ಸಾಲದೆ ಡಿಸ್ಕ್‌ನಿಂದ ಬರುವ, ಡಿಸ್ಕ್‌ಗೆ ಹೋಗುವ ಡೇಟಾ) ಕೂಡ ಸೊನ್ನೆಗೆ ಇಳಿಯದೆ ಓಡುತ್ತಿದ್ದರೆ ಕೊರತೆ ಇರುವುದು ರ್‍ಯಾಮ್‌ಗೆ, ಡಿಸ್ಕ್‌ಗಲ್ಲ. ಇಲ್ಲವಾದರೆ 'ಐಒಟಾಪ್' (iotop, ಯಾವ ಪ್ರೊಸೆಸ್ ಡಿಸ್ಕ್ ಬಳಸುತ್ತಿದೆ ಅಂತ ತೋರಿಸುವ ಕಮಾಂಡ್) ನೋಡಿ. ಡಿಸ್ಕ್ ತಿನ್ನುತ್ತಿರುವುದು ಬ್ಯಾಕಪ್ಪೋ ಡೇಟಾಬೇಸೋ ನನಗೆ ಇಲ್ಲಿಂದ ಹೇಳಲು ಆಗುವುದಿಲ್ಲ, ಅಲ್ಲಿ ಗೊತ್ತಾಗುತ್ತದೆ.

ಮುಂದಿನ ವರ್ಷಕ್ಕೆ ಎಷ್ಟು ದೊಡ್ಡ ಸರ್ವರ್ ಬೇಕು ಅಂತಲೂ ಕೇಳಿದ್ದೀರಲ್ವಾ? ಸಿಸ್‌ಸ್ಟ್ಯಾಟ್ (sysstat, ಸರ್ವರ್ ಬಳಕೆ ದಾಖಲಿಸುವ ಸಾಫ್ಟ್‌ವೇರ್) ಹಾಕಿ, ಅದರ 'ಸಾರ್' (sar) ದಾಖಲೆ ಮೂರು ತಿಂಗಳಾದರೂ ಉಳಿಯುವಂತೆ ಮಾಡಿ. ದಿನದ ಸರಾಸರಿ ನಂಬಬೇಡಿ. ಅತಿ ಜಾಸ್ತಿ ಒತ್ತಡದ ಗಂಟೆಯನ್ನೇ ತಿಂಗಳಿಂದ ತಿಂಗಳಿಗೆ ಹೋಲಿಸಿ.